ಸಾಸಿವೆ ಡಬ್ಬಿಯ ದುಡ್ಡು

ಕೇಳುಗರಿಗೆ ನಮಸ್ಕಾರ. ನಮ್ಮಮ್ಮ ಸ್ಕೂಲ್ ಫೀಸಿನ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದರು. ಹಬ್ಬ ಬರಲಿ, ನೆಂಟರು ಬರಲಿ, ಅದಕ್ಕೆ ಯಾರೂ ಕೈ ಹಾಕುವ ಹಾಗಿರಲಿಲ್ಲ. ಊರಿಗೂ ಅಂಥದ್ದೊಂದು ಡಬ್ಬಿ ಬೇಕು, ಅಂದರೆ ಬೇರೆ ಖರ್ಚಿಗೆ ಮುಟ್ಟದ ಮೀಸಲು ದುಡ್ಡು. ನಾನು ಹೇಳೋಕೆ ಬಂದದ್ದು ಇಷ್ಟೇ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2000ದಲ್ಲಿ ಇದಕ್ಕೊಂದು ಕಾನೂನು ಬಂತು. ಊರಿನವರು ವೋಟು ಹಾಕಿ ಒಪ್ಪಿದರೆ ನೂರು ಡಾಲರ್ ಆಸ್ತಿ ತೆರಿಗೆಗೆ ಹೆಚ್ಚೆಂದರೆ 3 ಡಾಲರ್ ಜಾಸ್ತಿ ಕಟ್ಟುತ್ತಾರೆ. ಮನೆಯ ಬೆಲೆಯ ಮೇಲಲ್ಲ, ತೆರಿಗೆಯ ಮೇಲೆ! ಎಷ್ಟು ಸಲ ಹೇಳಿದರೂ ಜನ ಇದನ್ನು ತಪ್ಪು ತಿಳಿಯುತ್ತಾರೆ. ಆಸ್ತಿ ರಿಜಿಸ್ಟರ್ ಮಾಡಿಸುವಾಗಿನ ಶುಲ್ಕದಿಂದ ರಾಜ್ಯವೂ ತನ್ನ ಪಾಲು ಸೇರಿಸುತ್ತದೆ. ಕಾಡು-ಬಯಲು, ಆಟದ ಮೈದಾನ, ಹಳೆಯ ಕಟ್ಟಡ-ಸ್ಮಾರಕ, ಕೈಗೆಟುಕುವ ಮನೆ, ಇವಕ್ಕೆ ಮಾತ್ರ ಆ ದುಡ್ಡು. ರಸ್ತೆ ಗುಂಡಿ ಮುಚ್ಚೋಕೂ ತೆಗೆಯುವಂತಿಲ್ಲ.

ಅಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಊರಸಭೆ ನೋಡಿದೆ. ಶಾಲೆಯ ಹಾಲ್. ವೋಟಿಲ್ಲದ ನಮ್ಮಂಥವರಿಗೆ ಪಕ್ಕದಲ್ಲಿ ಬೇರೆ ಕುರ್ಚಿ. ಅವತ್ತು ಬಂದಿದ್ದ ವಿಷಯ, ಹಳೆಯ ಸ್ಮಶಾನದ ಬಿರುಕು ಬಿಟ್ಟ ಕಲ್ಲುಗಳ ರಿಪೇರಿ. ಒಬ್ಬ ಎದ್ದು, "ಸತ್ತವರಿಗ್ಯಾಕೆ ದುಡ್ಡು? ಮಕ್ಕಳ ಜಾರುಬಂಡೆ ಮುರಿದು ಬಿದ್ದಿದೆ" ಅಂದ. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಮಗಳು ಕಣ್ಣಲ್ಲೇ ಗದರಿದಳು! ಆಗ ಊರುಗೋಲು ಹಿಡಿದ ಅಜ್ಜಿಯೊಬ್ಬರು ನಿಧಾನವಾಗಿ ಮೈಕಿನ ಹತ್ತಿರ ಬಂದರು. ವರ್ಷದ ದುಡ್ಡಿನಲ್ಲಿ ನೂರಕ್ಕೆ 10 ಪಾಲಾದರೂ ಹಳೆಯದಕ್ಕೇ ಮೀಸಲು ಅಂತ ಕಾನೂನಿದೆ, ಅದನ್ನು ಜಾರುಬಂಡೆಗೆ ಕೊಡೋಕಾಗಲ್ಲ, ಅದಕ್ಕೆ ಬೇರೆ ಪಾಲಿದೆ, ಕೇಳಿ ಅಂದರು. ಅಷ್ಟೇ. ಹಾಲ್ ತುಂಬ ವೋಟಿನ ಬಣ್ಣದ ಚೀಟಿಗಳು ಮೇಲೆದ್ದವು. ಕಲ್ಲಿಗೆ ದುಡ್ಡು ಸಿಕ್ಕಿತು. ನೋಡಿ, ಡಬ್ಬಿಯ ಮೇಲೆ ಹೆಸರಿದ್ದರೆ ಜಗಳ ಹೀಗೆ ಮುಗಿಯುತ್ತದೆ.

ಇದೆಲ್ಲ ದುಡ್ಡಿರುವ ದೇಶದ ಕಥೆ ಅಂತೀರಾ? ಸುಮ್ನೆ ಹಾಗನ್ನಬೇಡಿ. ನಿಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಕಟ್ಟುತ್ತೀರಿ, ಅಲ್ವಾ? ರೂಪಾಯಿಗೆ 6 ಪೈಸೆ. ಅದೂ ಹೆಸರು ಬರೆದ ಡಬ್ಬಿಯೇ. ನಿಮ್ಮ ಬಡಾವಣೆಯ ಪಾರ್ಕಿಗೆ, ಊರ ಕಲ್ಯಾಣಿಗೆ ಅಂಥ ಡಬ್ಬಿ ಎಲ್ಲಿದೆ?

ಮನೆಗಳ ವಿಷಯ ಉಳಿದೇ ಹೋಯಿತು. ಸ್ಟುಡಿಯೋದ ಗಾಜಿನಾಚೆಯಿಂದ ಟೈಮಾಯ್ತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ: ಅಲ್ಲಿನ ಕೇಂಬ್ರಿಜ್ ಊರು ಎಷ್ಟೋ ವರ್ಷ ಈ ದುಡ್ಡಿನಲ್ಲಿ ನೂರಕ್ಕೆ 80 ಪಾಲನ್ನು ಮನೆಗಳಿಗೇ ಕೊಟ್ಟಿತು. ಬಾಸ್ಟನ್ 2016ರಲ್ಲಿ ಈ ಕಾನೂನನ್ನು ಒಪ್ಪಿತು, ತೆರಿಗೆಯ ಮೇಲೆ ಬರೀ 1 ಪರ್ಸೆಂಟ್ ಜಾಸ್ತಿ ಕಟ್ಟೋಕೆ. ಆಯ್ತು ಸ್ವಾಮಿ, ಮುಗಿಸಿದೆ. ನಮಸ್ಕಾರ.