ಶ್ರೀರಂಗಪಟ್ಟಣದ ಕೊನೆಯ ಪತ್ರಗಳು

ಕೇಳುಗರಿಗೆ ನಮಸ್ಕಾರ.

ಶ್ರೀರಂಗಪಟ್ಟಣದ ಪತನವೆಂದರೆ ನಮಗೆ ನೆನಪಾಗುವುದು ಕೋಟೆಯ ಒಡೆದ ಗೋಡೆ, ಕಾವೇರಿಯ ಬಂಡೆಗಳು ಮತ್ತು 1799ರ ಮೇ 4ರ ಮಧ್ಯಾಹ್ನ. ಆ ಮಧ್ಯಾಹ್ನಕ್ಕೆ ಮೊದಲು ಹತ್ತು ತಿಂಗಳಿಗೂ ಹೆಚ್ಚು ಕಾಲ ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಪತ್ರವ್ಯವಹಾರವನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ಪ್ರತಿಯೊಂದು ಪತ್ರದ ದಿನಾಂಕದ ಪಕ್ಕದಲ್ಲಿ, ಅದೇ ದಿನಗಳಲ್ಲಿ ಬರೆದವನು ಮಾಡುತ್ತಿದ್ದ ಇತರ ಕೆಲಸಗಳನ್ನೂ ಇಟ್ಟುಕೊಂಡು ಓದಿದಾಗ ಮಾತ್ರ ಈ ಪತ್ರಗಳು ತಮ್ಮ ಅರ್ಥವನ್ನು ಬಿಟ್ಟುಕೊಡುತ್ತವೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಕಂಪನಿ ಮತ್ತು ಅದರ ಮಿತ್ರರೊಡನೆ ನಡೆದ ಯುದ್ಧದಲ್ಲಿ ಸೋತು, 1792ರ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಟ್ಟಿದ್ದನು, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ್ದನು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿದ್ದನು. ಆ ಮಕ್ಕಳು 1794ರಲ್ಲಿ ಮರಳಿ ಬಂದರು. ಕಳೆದುಕೊಂಡ ನೆಲ ಮರಳಲಿಲ್ಲ. 1600ರಲ್ಲಿ ವ್ಯಾಪಾರಕ್ಕೆಂದು ಹುಟ್ಟಿದ ಕಂಪನಿಯು ಈ ಹೊತ್ತಿಗೆ ಕೋಟೆ, ಕಂದಾಯ, ಸೈನ್ಯಗಳನ್ನುಳ್ಳ ದೊಡ್ಡ ಶಕ್ತಿಯಾಗಿತ್ತು. 1798ರ ಮೇ ತಿಂಗಳಲ್ಲಿ ಅದರ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದವನು ಲಾರ್ಡ್ ಮಾರ್ನಿಂಗ್ಟನ್. ಮುಂದೆ ವೆಲ್ಲೆಸ್ಲಿ ಎಂಬ ಹೆಸರಿನಿಂದ ಪ್ರಸಿದ್ಧನಾದವನೂ ಇವನೇ.

ಅವನು ಬಂದ ಕೆಲವೇ ವಾರಗಳಲ್ಲಿ, ಜೂನ್ 8ರಂದು, ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಒಂದು ಫ್ರೆಂಚ್ ಘೋಷಣೆ ಅಚ್ಚಾಯಿತು. ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಲಾರ್ತಿಕ್ ಜನವರಿ 30ರಂದು ಅದನ್ನು ಹೊರಡಿಸಿದ್ದನು. ಟಿಪ್ಪುವಿನ ಇಬ್ಬರು ರಾಯಭಾರಿಗಳು ಬಂದಿದ್ದಾರೆ, ಸುಲ್ತಾನನು ಇಂಗ್ಲಿಷರ ಮೇಲೆ ಯುದ್ಧ ಸಾರಲು ಫ್ರೆಂಚರ ಬರವನ್ನೇ ಕಾಯುತ್ತಿದ್ದಾನೆ, ಅವನ ಸೇವೆಗೆ ಸೇರುವವರು ಮುಂದೆ ಬರಲಿ ಎಂದು ಅದರಲ್ಲಿ ಸಾರಲಾಗಿತ್ತು. ಗುಟ್ಟಾಗಿ ನಡೆಯಬೇಕಿದ್ದ ಮಾತುಕತೆಯನ್ನು ಮಿತ್ರನೇ ಬೀದಿಯಲ್ಲಿ ಡಂಗುರ ಹೊಡೆದಂತಾಯಿತು. ಇಷ್ಟೆಲ್ಲ ಮಾಡಿಯೂ ಆ ಕರೆಗೆ ಓಗೊಟ್ಟು ಏಪ್ರಿಲ್ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ ಮಾತ್ರ. ಮಲಾರ್ತಿಕನ ಈ ಕೃತ್ಯವನ್ನು ಓದುವಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಇಲ್ಲಿಂದ ಮುಂದೆ ದಿನಾಂಕಗಳನ್ನು ಗಮನವಿಟ್ಟು ಕೇಳಬೇಕು. ಜೂನ್ 20ರಂದು ಮಾರ್ನಿಂಗ್ಟನ್ ಮದರಾಸಿನ ಜನರಲ್ ಹ್ಯಾರಿಸ್‌ಗೆ ಸೈನ್ಯವನ್ನು ಕೂಡಿಸುವಂತೆ ಆಜ್ಞೆ ಕಳಿಸಿದನು. ಆದರೆ ಆಗಸ್ಟ್ 7ರಂದು ಅವನು ಟಿಪ್ಪುವಿಗೆ ಬರೆದ ಪತ್ರವು ಸ್ನೇಹದ ಪತ್ರ. ವಿವಾದದಲ್ಲಿದ್ದ ವಯನಾಡು ಸುಲ್ತಾನನಿಗೇ ಸೇರಿದ್ದೆಂದು ಅದರಲ್ಲಿ ಒಪ್ಪಿಕೊಳ್ಳಲಾಗಿತ್ತು. ಅದಾದ ಐದೇ ದಿನಗಳಿಗೆ, ಆಗಸ್ಟ್ 12ರಂದು, ಟಿಪ್ಪುವಿನ ಮೇಲೆ ಯುದ್ಧ ಮಾಡುವುದು ಏಕೆ ನ್ಯಾಯವೆಂಬುದನ್ನು ವಾದಿಸುವ ದೀರ್ಘ ಟಿಪ್ಪಣಿಯನ್ನು ಅವನು ತನ್ನ ಕಡತಕ್ಕೆ ಸೇರಿಸಿದನು. ಶ್ರೀರಂಗಪಟ್ಟಣಕ್ಕೆ ಹೋದದ್ದು ಮೊದಲ ಕಾಗದ; ಇತಿಹಾಸಕ್ಕೆಂದು ಉಳಿಸಿಕೊಂಡದ್ದು ಎರಡನೆಯದು. ಸೆಪ್ಟೆಂಬರಿನಲ್ಲಿ ನಿಜಾಮನೊಡನೆ ಒಪ್ಪಂದವಾಯಿತು. ಅಕ್ಟೋಬರ್ 22ರಂದು ಹೈದರಾಬಾದಿನ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ನಿಶ್ಶಸ್ತ್ರಗೊಳಿಸಲಾಯಿತು. ಇವೆಲ್ಲ ಮುಗಿದ ಮೇಲೆಯೇ, ನವೆಂಬರ್ 8ರಂದು, ಫ್ರೆಂಚರೊಡನೆ ನೀವು ನಡೆಸಿದ ವ್ಯವಹಾರ ನಮಗೆ ತಿಳಿದಿದೆ, ಮಾತುಕತೆಗೆ ಮೇಜರ್ ಡವ್ಟನ್ ಎಂಬ ಅಧಿಕಾರಿಯನ್ನು ಕಳಿಸುತ್ತೇವೆ ಎಂಬ ಪತ್ರ ಹೊರಟಿತು. ಆರೋಪವನ್ನು ಹೇಳುವ ಮೊದಲೇ ದಂಡನೆಯ ಸಿದ್ಧತೆ ಬಹುಪಾಲು ಮುಗಿದಿತ್ತು.

ಟಿಪ್ಪುವಿನ ಉತ್ತರ ಡಿಸೆಂಬರಿನಲ್ಲಿ ಬಂದಿತು. ಈ ಸರ್ಕಾರದಲ್ಲಿ ವ್ಯಾಪಾರಿ ಜನರಿದ್ದಾರೆ, ಅವರು ಎರಡು ಪಟಸ್ತಂಭಗಳ ಹಡಗೊಂದನ್ನು ಕೊಂಡು ಅಕ್ಕಿ ತುಂಬಿಕೊಂಡು ಹೋದರು, ಅದು ಹೇಗೋ ಮಾರಿಷಸ್ ಸೇರಿತು, ಅಲ್ಲಿಂದ ನಲವತ್ತು ಜನ ಬಾಡಿಗೆ ಕೊಟ್ಟು ಕೆಲಸ ಹುಡುಕಿಕೊಂಡು ಬಂದರು, ಅವರಲ್ಲಿ ಹತ್ತು ಹನ್ನೆರಡು ಮಂದಿ ಕುಶಲಕರ್ಮಿಗಳು, ಉಳಿದವರು ಆಳುಗಳು ಎಂಬುದು ಅದರ ಸಾರಾಂಶ. ಎರಡು ಸರ್ಕಾರಗಳ ಮನಸ್ಸು ಕೆಡಿಸಲು ಫ್ರೆಂಚರೇ ಸುದ್ದಿ ಹಬ್ಬಿಸಿರಬಹುದು ಎಂದೂ ಅವನು ಸೇರಿಸಿದನು. ಈ ಮಾತು ನಿಜವಲ್ಲವೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ರಾಯಭಾರಿಗಳು ಹೋಗಿದ್ದರು, 1799ರ ಫೆಬ್ರವರಿಯಲ್ಲಿ ದ್ಯುಬುಕ್ ಎಂಬ ಫ್ರೆಂಚನು ಟಿಪ್ಪುವಿನ ದೂತನಾಗಿ ತರಂಗಂಬಾಡಿಯಿಂದ ಫ್ರಾನ್ಸಿನ ಕಡೆಗೆ ಹಡಗು ಹತ್ತಿದ್ದೂ ಉಂಟು. ಆದರೆ ತನ್ನ ಅರ್ಧ ರಾಜ್ಯವನ್ನು ಕಿತ್ತುಕೊಂಡವರ ವಿರುದ್ಧ ಮಿತ್ರರನ್ನು ಹುಡುಕುವುದು ಒಬ್ಬ ಅರಸನಿಗೆ ಅಪರಾಧವೆನ್ನಲು ನಾನು ಸಿದ್ಧನಿಲ್ಲ. ಅವನಿಗೆ ಬೇಕಿದ್ದದ್ದು ಕಾಲಾವಕಾಶ. ಮಾರ್ನಿಂಗ್ಟನ್ ಕೊಡಲು ಒಪ್ಪದಿದ್ದದ್ದೂ ಅದನ್ನೇ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಆ ಕಾಲದ ರಾಜತಾಂತ್ರಿಕ ಭಾಷೆ ಪಾರಸಿ. ಮುನ್ಷಿಯ ಲೇಖನಿಯಿಂದ ಇಳಿದ ಗೌರವದ ಸಂಬೋಧನೆಗಳು, ಕುಶಲಪ್ರಶ್ನೆಗಳು, ಸ್ನೇಹದ ಉಪಮೆಗಳು ಆ ಪದ್ಧತಿಯ ಭಾಗವೇ ಆಗಿದ್ದವು. ಕಂಪನಿಯ ಭಾಷಾಂತರಕಾರರ ಕೈಯಲ್ಲಿ ಇವು ಇಂಗ್ಲಿಷಿಗೆ ತಿರುಗಿದಾಗ ಬೂಟಾಟಿಕೆಯಂತೆ ಕಾಣತೊಡಗಿದವು. ಇಂದು ನಾವು ಕನ್ನಡದಲ್ಲಿ ಓದುವುದು ಬಹುಮಟ್ಟಿಗೆ ಆ ಇಂಗ್ಲಿಷಿನ ನೆರಳನ್ನು. ಪಾರಸಿ ಬಲ್ಲ ಕನ್ನಡಿಗರು ಮೂಲದಿಂದಲೇ ಈ ಪತ್ರಗಳನ್ನು ತರಬೇಕೆಂಬುದು ನನ್ನ ಬಹುಕಾಲದ ಆಸೆ.

1798ರ ಡಿಸೆಂಬರ್ 31ರಂದು ಮಾರ್ನಿಂಗ್ಟನ್ ತಾನೇ ಮದರಾಸಿಗೆ ಬಂದನು. ಜನವರಿ 9ರ ಪತ್ರದಲ್ಲಿ ಮಲಾರ್ತಿಕನ ಘೋಷಣೆಯ ವಿಷಯವನ್ನು ನೇರವಾಗಿ ಎತ್ತಿ, ಪತ್ರ ತಲುಪಿದ ಮೇಲೆ ಉತ್ತರಕ್ಕೆ ಒಂದು ದಿನಕ್ಕಿಂತ ಹೆಚ್ಚು ತಡಮಾಡಬಾರದೆಂದು ಕೇಳಿದನು. ಟಿಪ್ಪುವಿನ ಉತ್ತರ ಅವನ ಕೈಸೇರಿದ್ದು ಫೆಬ್ರವರಿ 13ರಂದು. ತಾನು ಬೇಟೆಗೆ ಹೊರಟಿದ್ದೇನೆ, ಡವ್ಟನ್‌ನನ್ನು ಹೆಚ್ಚು ಪರಿವಾರವಿಲ್ಲದೆ ಕಳಿಸಬಹುದು ಎಂದು ಅದರಲ್ಲಿತ್ತು. ಕೆಲವೇ ಸಾಲುಗಳ ಆ ಪತ್ರವನ್ನು ಉದ್ಧಟತನವೆಂದು ಇಂಗ್ಲಿಷರು ಬಣ್ಣಿಸಿದರು. ಆದರೆ ತಾವು ಕೇಳಿದ್ದ ರಾಯಭಾರಿಯನ್ನು ಬರಮಾಡಿಕೊಳ್ಳಲು ಅದರಲ್ಲಿ ಒಪ್ಪಿಗೆಯಿತ್ತೆಂಬುದನ್ನು ಗಣನೆಗೆ ತರಲಿಲ್ಲ. ಮುನ್ನಡೆಯುವ ಆಜ್ಞೆ ಫೆಬ್ರವರಿ 3ರಂದೇ ಹೊರಟಾಗಿತ್ತು. ನೆಪೋಲಿಯನ್ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಬರೆದಿದ್ದ ಪತ್ರವಾದರೋ ಜಿದ್ದಾದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು; ಸುಲ್ತಾನನು ಅದನ್ನು ಕಾಣಲೇ ಇಲ್ಲ.

ಹ್ಯಾರಿಸನ ಸೈನ್ಯ ಕೋಟೆಯ ಮುಂದೆ ಬೀಡುಬಿಟ್ಟ ಮೇಲೂ ಕಾಗದಗಳು ಓಡಾಡಿದವು. ತಾನು ಒಪ್ಪಂದಗಳಿಗೆ ಬದ್ಧನಾಗಿದ್ದೇನೆ, ಈ ಸೈನ್ಯ ಬಂದ ಕಾರಣವೇನು ಎಂದು ಏಪ್ರಿಲ್ 9ರಂದು ಟಿಪ್ಪು ಕೇಳಿದನು. ಗವರ್ನರ್ ಜನರಲ್‌ನ ಪತ್ರಗಳನ್ನು ನೋಡಿಕೊಳ್ಳಿ ಎಂಬಷ್ಟೇ ಹ್ಯಾರಿಸನ ಉತ್ತರ. ಏಪ್ರಿಲ್ 22ರಂದು ಷರತ್ತುಗಳು ಬಂದವು: ಉಳಿದ ರಾಜ್ಯದಲ್ಲಿ ಅರ್ಧ, 2 ಕೋಟಿ ರೂಪಾಯಿ, ನಾಲ್ವರು ಮಕ್ಕಳು ಮತ್ತು ನಾಲ್ವರು ಸೇನಾಪತಿಗಳು ಒತ್ತೆಗೆ. ಏಪ್ರಿಲ್ 28ರಂದು ಟಿಪ್ಪು, ಇಂಥ ಸೂಕ್ಷ್ಮ ವಿಷಯ ನಂಬಿಕಸ್ಥರ ಮುಖಾಂತರವೇ ತೀರ್ಮಾನವಾಗಬೇಕು, ಇಬ್ಬರು ವಕೀಲರನ್ನು, ಎಂದರೆ ಪ್ರತಿನಿಧಿಗಳನ್ನು, ಕಳಿಸುತ್ತೇನೆ ಎಂದು ಬರೆದನು. ಒತ್ತೆಯಾಳುಗಳಿಲ್ಲದೆ ವಕೀಲರು ಬರುವಂತಿಲ್ಲ ಎಂದು ಹ್ಯಾರಿಸ್ ಮರುಪತ್ರ ಬರೆದು, ಉತ್ತರಕ್ಕೆ ಮರುದಿನದವರೆಗೆ ಗಡುವು ಕೊಟ್ಟನು. ಆ ಪತ್ರಕ್ಕೆ ಕೋಟೆಯೊಳಗಿನಿಂದ ಉತ್ತರ ಬರಲಿಲ್ಲ.

ನಮಸ್ಕಾರ.