ದೇಣಿಗೆಯ ಪಟ್ಟಿ ಮತ್ತು ಸೆನೆಟರ್ ಮನೆ: ಬರ್ಲಿಂಗ್ಟನ್ ಕಾಲೇಜಿನ ಪಾಠ

ಸಭೆಗೆ ನಮಸ್ಕಾರ.

ಸಣ್ಣ ಕಾಲೇಜೊಂದನ್ನು ನಡೆಸುವುದೇ ಕಷ್ಟದ ಕೆಲಸ. ನಡೆಸುವವರ ಪತಿ ಅಥವಾ ಪತ್ನಿ ಚುನಾಯಿತ ರಾಜಕಾರಣಿಯಾಗಿದ್ದರೆ ಆ ಕೆಲಸದಲ್ಲಿ ಏನೇನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ? ಇದನ್ನು ಅಮೆರಿಕದ ವರ್ಮಾಂಟ್ ರಾಜ್ಯದ ಜೇನ್ ಓಮೀರಾ ಸ್ಯಾಂಡರ್ಸ್ ಅವರ ಉದಾಹರಣೆಯಿಂದ ನೋಡೋಣ.

ಪತಿ ಬರ್ನಿ ಸ್ಯಾಂಡರ್ಸ್ 1981ರಿಂದ 1989ರವರೆಗೆ ಬರ್ಲಿಂಗ್ಟನ್ ನಗರದ ಮೇಯರ್. 1991ರಿಂದ ಸಂಸತ್ತಿನ ಕೆಳಮನೆಯಲ್ಲಿ, 2007ರಿಂದ ಮೇಲ್ಮನೆಯಾದ ಸೆನೆಟ್‌ನಲ್ಲಿ. ಜೇನ್ ಅವರು ನಗರಾಡಳಿತದ ಯುವಜನ ವಿಭಾಗವನ್ನು ಮುನ್ನಡೆಸಿದವರು, ತೊಂಬತ್ತರ ದಶಕದಲ್ಲಿ ಗೊಡಾರ್ಡ್ ಕಾಲೇಜಿನ ಹಂಗಾಮಿ ಮುಖ್ಯಸ್ಥೆಯಾಗಿದ್ದವರು. 2004ರಿಂದ 2011ರವರೆಗೆ ಬರ್ಲಿಂಗ್ಟನ್ ಕಾಲೇಜಿನ ಅಧ್ಯಕ್ಷೆ. ಅಲ್ಲಿ ಅಧ್ಯಕ್ಷರೆಂದರೆ ಟ್ರಸ್ಟಿ ಮಂಡಳಿ ನೇಮಿಸಿದ, ಸಂಬಳ ಪಡೆಯುವ ಆಡಳಿತಗಾರರು. ‘ಸೆನೆಟರ್ ಪತ್ನಿ’ ಎಂಬ ಒಂದೇ ಗುರುತಿನ ಹಿಂದೆ ಇಷ್ಟೂ ದುಡಿಮೆ ಮರೆಯಾಗುವುದು ಅನ್ಯಾಯವೆಂದೇ ನನ್ನ ಭಾವನೆ.

ಈ ಕಾಲೇಜು ಶುರುವಾದದ್ದು 1972ರಲ್ಲಿ. ವಿದ್ಯಾರ್ಥಿಗಳು ಇನ್ನೂರರ ಆಸುಪಾಸು. ಹೇಳಿಕೊಳ್ಳುವಂಥ ದತ್ತಿನಿಧಿ ಇಲ್ಲ, ಫೀಸೇ ಜೀವಾಳ. ಇಂಥ ಕಡೆ ಒಂದು ವರ್ಷ ಇಪ್ಪತ್ತು ಮಕ್ಕಳು ಕಡಿಮೆಯಾದರೆ ಆದಾಯದ ಹತ್ತರಲ್ಲಿ ಒಂದು ಪಾಲು ಹೋದಂತೆ. ಸಂಬಳ, ವಿಮೆ, ಚಳಿಗಾಲದಲ್ಲಿ ಕಟ್ಟಡ ಬೆಚ್ಚಗಿಡುವ ಖರ್ಚು ಮಾತ್ರ ಒಂದು ಡಾಲರೂ ಇಳಿಯುವುದಿಲ್ಲ. ಹಣಕಾಸು ಸಡಿಲವಾದರೆ ಮಾನ್ಯತಾ ಸಂಸ್ಥೆ ಪ್ರಶ್ನೆ ಕೇಳುತ್ತದೆ. ಮಾನ್ಯತೆ ಹೋದರೆ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ನೆರವು ನಿಲ್ಲುತ್ತದೆ, ಅಲ್ಲಿಗೆ ಕಾಲೇಜೂ ನಿಂತಂತೆ.

ಹಳೆಯ ದಿನಸಿ ಅಂಗಡಿಯೊಂದರ ಕಟ್ಟಡದಲ್ಲಿದ್ದ ಈ ಕಾಲೇಜು 2010ರ ಕೊನೆಯಲ್ಲಿ ಶಾಂಪ್ಲೇನ್ ಸರೋವರದ ದಡದ ಸುಮಾರು 32 ಎಕರೆ ಜಾಗವನ್ನು, ಹಿಂದೆ ಅನಾಥಾಲಯವಾಗಿದ್ದ ಕಟ್ಟಡದ ಸಮೇತ, ಕ್ಯಾಥೊಲಿಕ್ ಧರ್ಮಪ್ರಾಂತ್ಯದಿಂದ 1 ಕೋಟಿ ಡಾಲರ್‌ಗೆ ಕೊಂಡಿತು. ಹಣ ಹೊಂದಿಸಿದ್ದು ಹೀಗೆ: ರಾಜ್ಯದ ಸಂಸ್ಥೆಯೊಂದರ ಮೂಲಕ ಹೊರಡಿಸಿದ 65 ಲಕ್ಷ ಡಾಲರ್‌ನ ತೆರಿಗೆ ವಿನಾಯಿತಿ ಬಾಂಡ್, ಅದನ್ನು ಬ್ಯಾಂಕೊಂದು ಕೊಂಡಿತು, ಉಳಿದದ್ದರಲ್ಲಿ ಹೆಚ್ಚಿನ ಪಾಲು ಮಾರಿದ ಧರ್ಮಪ್ರಾಂತ್ಯವೇ ಕೊಟ್ಟ ಎರಡನೇ ಅಡಮಾನದ ಸಾಲ. ಅಂದರೆ ಹೆಚ್ಚುಕಡಿಮೆ ಪೂರ್ತಿ ಸಾಲ. ತಲೆಗೆ ಹಂಚಿ ನೋಡಿ: 200 ವಿದ್ಯಾರ್ಥಿಗಳೆಂದರೆ ತಲೆಗೆ 50,000 ಡಾಲರ್. ಬಡ್ಡಿ ಶೇ 5 ಎಂದು ಇಟ್ಟುಕೊಂಡರೂ ಅಸಲು ಮುಟ್ಟದೆಯೇ ಪ್ರತಿ ವಿದ್ಯಾರ್ಥಿಯ ಫೀಸಿನಿಂದ ವರ್ಷಕ್ಕೆ 2,500 ಡಾಲರ್ ಬಡ್ಡಿಗೇ ಹೋಗಬೇಕು. ಈ ಹೊರೆ ತಾಳಬೇಕಾದರೆ ಎರಡು ಆಗಬೇಕಿತ್ತು: ಪ್ರವೇಶ ಬೇಗ ಏರಬೇಕು, ಒಪ್ಪಿಕೊಂಡ ದೇಣಿಗೆ ಹೇಳಿದ ವರ್ಷಕ್ಕೆ ಕೈಸೇರಬೇಕು.

ಎಡವಿದ್ದು ಇಲ್ಲಿ. ಸಾಲದ ಅರ್ಜಿಯಲ್ಲಿ ತೋರಿಸಿದ ದೇಣಿಗೆಯ ವಾಗ್ದಾನ ಸುಮಾರು 26 ಲಕ್ಷ ಡಾಲರ್. 2014ರ ಹೊತ್ತಿಗೆ ಬಂದದ್ದು ಸುಮಾರು 6.76 ಲಕ್ಷ. ತಮ್ಮ ಕಾಲಾನಂತರ ಉಯಿಲಿನ ಮೂಲಕ ಸೇರಲಿ ಎಂದು ಒಬ್ಬ ದಾನಿ ಹೇಳಿದ್ದ ಮೊತ್ತ, ಕೆಲವೇ ವರ್ಷಗಳಲ್ಲಿ ಬರುವ ಹಣದ ಸಾಲಿನಲ್ಲಿ ಸೇರಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಆಡಳಿತದಲ್ಲಿರುವವರು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ದೇಣಿಗೆಯ ಪಟ್ಟಿಯನ್ನು ಬ್ಯಾಂಕಿಗೆ ಕೊಡುವ ಮೊದಲು ಪ್ರತಿ ಹೆಸರಿನ ಮುಂದೆ ದಾನಿಯ ಸಹಿ ಇರುವ ಪತ್ರ ಇರಬೇಕು. ಅದರಲ್ಲಿ ಯಾವ ವರ್ಷ ಎಷ್ಟು ಎಂಬ ಕಂತು, ಷರತ್ತಿದ್ದರೆ ಷರತ್ತು ಇರಬೇಕು. ಉಯಿಲಿನ ಹಣ ಬೇರೆಯೇ ಹಾಳೆಯಲ್ಲಿ ಇರಲಿ, ಸಾಲದ ಕಂತಿನ ಲೆಕ್ಕಕ್ಕೆ ಅದು ಸೊನ್ನೆ. ‘ನೋಡೋಣ, ಕೊಡೋಣ’ ಎಂದವರದ್ದೂ ಸೊನ್ನೆಯೇ. ಇಷ್ಟಾದ ಮೇಲೂ ದೇಣಿಗೆ ಸಂಗ್ರಹಿಸುವ ವಿಭಾಗಕ್ಕೆ ಸೇರದ ಒಬ್ಬ ಟ್ರಸ್ಟಿ ದೊಡ್ಡ ದಾನಿಗಳಿಗೆ ತಾವೇ ಫೋನ್ ಮಾಡಿ ಖಾತ್ರಿಪಡಿಸಿಕೊಳ್ಳಬೇಕು. ಪಟ್ಟಿ ತಯಾರಿಸಿದವರೇ ಅದನ್ನು ಪರಿಶೀಲಿಸಿದರೆ ಆಸೆಯೂ ಅಂಕಿಯೂ ಬೆರೆತುಹೋಗುತ್ತವೆ.

2011ರಲ್ಲಿ ಜೇನ್ ಹುದ್ದೆ ಬಿಟ್ಟರು. 2014ರಲ್ಲಿ ಮಾನ್ಯತಾ ಸಂಸ್ಥೆ ಕಾಲೇಜನ್ನು ಪ್ರೊಬೇಷನ್‌ನಲ್ಲಿ, ಅಂದರೆ ಎಚ್ಚರಿಕೆಯ ಅವಧಿಯಲ್ಲಿ, ಇಟ್ಟಿತು. ಜಮೀನಿನ ಬಹುಪಾಲು ಡೆವಲಪರ್ ಕೈಗೆ ಹೋಯಿತು. 2016ರ ಮೇ ತಿಂಗಳಲ್ಲಿ ಕಾಲೇಜು ಮುಚ್ಚಿತು.

ಈಗ ದಾಂಪತ್ಯದ ಕಡೆ ಬರೋಣ. ಪತಿಯ ಹುದ್ದೆಯಿಂದ ಕಾಲೇಜಿನ ಸಾಲ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಆದರೆ ಬೇರೆ ಸಣ್ಣ ಕಾಲೇಜಿನ ಸೋಲು ಊರ ಪತ್ರಿಕೆಯ ಒಂದು ಕಾಲಂನಲ್ಲಿ ಮುಗಿಯುತ್ತಿತ್ತು; ಇದು ಹಾಗೆ ಮುಗಿಯಲಿಲ್ಲ. ಬರ್ನಿ ಅವರು ರಾಷ್ಟ್ರಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಸ್ಪರ್ಧಿಸುತ್ತಿದ್ದ 2016ರಲ್ಲೇ ಎದುರು ಪಕ್ಷದ ವಕೀಲರೊಬ್ಬರು ಸಾಲದ ಅರ್ಜಿಯ ಬಗ್ಗೆ ದೂರು ಕೊಟ್ಟರು. ಸಾಲ ಮಂಜೂರು ಮಾಡಲು ಸೆನೆಟರ್ ಕಚೇರಿ ಒತ್ತಡ ಹಾಕಿತೆಂಬ ಆರೋಪವೂ ಸೇರಿತು. ಕೇಂದ್ರದ ತನಿಖೆ ನಡೆದು, ಯಾರ ಮೇಲೂ ಆರೋಪ ಹೊರಿಸದೆ 2018ರಲ್ಲಿ ಮುಗಿಯಿತು. ಹುದ್ದೆ ಬಿಟ್ಟು ಏಳು ವರ್ಷದವರೆಗೂ ಆಕೆ ಉತ್ತರ ಹೇಳಬೇಕಾಯಿತು.

ನಮ್ಮಲ್ಲಿ ಶಾಸಕರ, ಸಂಸದರ ಮನೆಯವರು ವಿದ್ಯಾಸಂಸ್ಥೆ ನಡೆಸುವುದು ಮಾಮೂಲು. ಅನೇಕ ಕಡೆ ಟ್ರಸ್ಟೇ ಕುಟುಂಬದ್ದು. ಅಮೆರಿಕದಲ್ಲಿ ಇಂಥ ಕಾಲೇಜು ಲಾಭರಹಿತ ಸಂಸ್ಥೆ, ಗೆರೆಗಳು ಸ್ಪಷ್ಟ. 1954ರಿಂದ ಇರುವ ಕಾನೂನಿನಂತೆ ಅದು ಯಾವ ಅಭ್ಯರ್ಥಿಯ ಪರವೂ ಪ್ರಚಾರ ಮಾಡುವಂತಿಲ್ಲ. ಕಾಲೇಜಿನ ಲೆಟರ್‌ಹೆಡ್, ಇಮೇಲ್ ಪಟ್ಟಿ, ಸಭಾಂಗಣ ಯಾವುದೂ ಪತಿಯ ಚುನಾವಣೆಗೆ ಪುಕ್ಕಟೆ ಸಿಗಬಾರದು. ಅಧ್ಯಕ್ಷರ ಸಂಬಳ ವಾರ್ಷಿಕ ತೆರಿಗೆ ವಿವರಣೆಯಲ್ಲಿ ಯಾರು ಬೇಕಾದರೂ ಓದಬಹುದು. ಸೆನೆಟರ್ ಸಲ್ಲಿಸುವ ವಾರ್ಷಿಕ ಘೋಷಣೆಯಲ್ಲಿ ಪತ್ನಿಗೆ ಎಲ್ಲಿಂದ ಸಂಬಳ ಬರುತ್ತದೆ ಎಂಬುದೂ ಇರಬೇಕು. ಸೆನೆಟರ್ ಒಂದು ಯೋಜನೆಗೆ ಹೆಸರಿಸಿ ಅನುದಾನ ಕೇಳಿದರೆ, ಅದರಲ್ಲಿ ತನಗೂ ಮನೆಯವರಿಗೂ ಹಣದ ಹಿತಾಸಕ್ತಿ ಇಲ್ಲವೆಂದು ಬರೆದುಕೊಡಬೇಕು.

ಕಾನೂನು ಕೇಳದಿದ್ದರೂ ಮಂಡಳಿ ಮಾಡಿಕೊಳ್ಳಬೇಕಾದ ಏರ್ಪಾಡು ಒಂದಿದೆ, ಅದನ್ನು ನೇಮಕದ ದಿನವೇ ಬರೆದಿಡಬೇಕು. ಬ್ಯಾಂಕ್, ಬಾಂಡ್ ಸಂಸ್ಥೆ, ಸರ್ಕಾರಿ ಇಲಾಖೆ ಇವುಗಳ ಜೊತೆಗಿನ ಪ್ರತಿ ಮಾತುಕತೆಯಲ್ಲಿ ಅಧ್ಯಕ್ಷರ ಪಕ್ಕದಲ್ಲಿ ಮಂಡಳಿಯ ಖಜಾಂಚಿ ಕೂತಿರಬೇಕು, ಟಿಪ್ಪಣಿ ಅವತ್ತೇ ಕಡತಕ್ಕೆ ಸೇರಬೇಕು. ಸಾಲದ ಅರ್ಜಿಗೆ ಇಬ್ಬರ ಸಹಿ ಇರಬೇಕು. ಸೆನೆಟರ್ ಕಚೇರಿಯಿಂದ ಕರೆ ಹೋಗಿತ್ತೇ ಎಂದು ಆರು ವರ್ಷದ ಮೇಲೆ ಯಾರಾದರೂ ಕೇಳಿದರೆ ಉತ್ತರ ಆ ಕಡತದಲ್ಲೇ ಸಿಗುತ್ತದೆ.