ಬೀಗವಿಲ್ಲದ ಅಡ್ಜಸ್ಟರ್ ಪಟ್ಟಿಯನ್ನು ಹಿಡಿದುಕೊಳ್ಳುವುದು ಹೇಗೆ? | ಕೈಯಾರೆ ಹೊಲಿದ ಚೀಲಕ್ಕೆ ಉದ್ದ ಬದಲಾಗುವ ಹೆಗಲಪಟ್ಟಿ

ಎಲ್ಲರಿಗೂ ನಮಸ್ಕಾರ. ಬಟ್ಟೆಯ ಚೀಲ ಹೊಲಿಯುವವರು ನಮಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದನ್ನು ಇಂದು ಕೈಗೆತ್ತಿಕೊಂಡಿದ್ದೇವೆ. ಹೆಗಲಪಟ್ಟಿಯ ಉದ್ದವನ್ನು ಹೆಚ್ಚು ಕಡಿಮೆ ಮಾಡುವ ಅಡ್ಜಸ್ಟರ್‌ನಲ್ಲಿ ಹಲ್ಲಿಲ್ಲ, ಸ್ಪ್ರಿಂಗ್ ಇಲ್ಲ, ಬೀಗವಂತೂ ಇಲ್ಲವೇ ಇಲ್ಲ. ಹಾಗಿದ್ದರೂ ಅಂಗಡಿಯಿಂದ ತಂದ ಚೀಲದಲ್ಲಿ ಎಷ್ಟು ಪುಸ್ತಕ ತುಂಬಿದರೂ ಅದು ಕದಲುವುದಿಲ್ಲ. ಮನೆಯಲ್ಲಿ ಹೊಲಿದ ಚೀಲದಲ್ಲಿ ಮಾತ್ರ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಪಟ್ಟಿ ಸಡಿಲಗೊಂಡು ಚೀಲ ಮೊಣಕಾಲಿಗೆ ಬಡಿಯತೊಡಗುತ್ತದೆ. ಇದು ಏಕೆ?

[ತೆರೆಯ ಮೇಲೆ ಅಡ್ಜಸ್ಟರ್ ಸಮೀಪದಿಂದ ಕಾಣುತ್ತದೆ.]

ಮೊದಲು ಬೇಕಾದ ಸಾಮಾನುಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಒಂದಿಂಚು ಒಳಅಗಲದ ಅಡ್ಜಸ್ಟರ್ ಒಂದು, ಅಷ್ಟೇ ಅಗಲದ ಚೌಕ ರಿಂಗುಗಳು ಎರಡು, 60 ಇಂಚು ಉದ್ದದ ಪಟ್ಟಿ, 16ನೇ ನಂಬರಿನ ಸೂಜಿ ಮತ್ತು ಗಟ್ಟಿಯಾದ ಪಾಲಿಯೆಸ್ಟರ್ ದಾರ. ಪಟ್ಟಿಗೆ ಕಾಟನ್ ನವಾರವನ್ನು ನೇರವಾಗಿ ಬಳಸಬಹುದು, ಇಲ್ಲವೇ ಬಟ್ಟೆಯಿಂದಲೇ ಮಾಡಿಕೊಳ್ಳಬಹುದು. ಬಟ್ಟೆಯಾದರೆ ಬೇಕಾದ ಅಗಲದ ನಾಲ್ಕರಷ್ಟನ್ನು ಕತ್ತರಿಸಿ, ಎರಡೂ ಅಂಚುಗಳನ್ನು ನಡುಗೆರೆಗೆ ಮಡಿಸಿ, ಮತ್ತೊಮ್ಮೆ ಮಡಿಸಿ, ಇಸ್ತ್ರಿ ಹಾಕಿ, ಎರಡೂ ಬದಿಗೆ ಅಂಚಿನ ಪಕ್ಕದಲ್ಲೇ ಹೊಲಿಗೆ ಹಾಕಬೇಕು. ಲೆಕ್ಕದಂತೆ ಒಂದಿಂಚಿನ ಪಟ್ಟಿಗೆ 4 ಇಂಚು ಬೇಕಾದರೂ ನಾನು ಮೂರೂಮುಕ್ಕಾಲು ಇಂಚಷ್ಟೇ ಕತ್ತರಿಸುತ್ತೇನೆ, ಏಕೆಂದರೆ ಕೂದಲೆಳೆಯಷ್ಟು ಅಗಲವಾದ ಪಟ್ಟಿಯೂ ಅಡ್ಜಸ್ಟರ್‌ನೊಳಗೆ ಬದಿ ಮಡಚಿಕೊಂಡು ಸಿಕ್ಕಿಬೀಳುತ್ತದೆ. ಬಟ್ಟೆಯನ್ನು ಹಾಸಿನ ನೂಲಿನ, ಅಂದರೆ ಥಾನಿನ ಉದ್ದದ, ದಿಕ್ಕಿನಲ್ಲಿ ಕತ್ತರಿಸಿರಿ. ಹೊಕ್ಕಿನ ದಿಕ್ಕಿನಲ್ಲಿ ಕತ್ತರಿಸಿದ ಪಟ್ಟಿ ಸಾಮಾನ್ಯವಾಗಿ ಹೆಚ್ಚು ಹಿಗ್ಗುತ್ತದೆ.

ಇನ್ನು ಅಡ್ಜಸ್ಟರ್‌ನ ವಿಷಯಕ್ಕೆ ಬರೋಣ. ಅದರಲ್ಲಿ ಇರುವುದು ಒಂದು ಚೌಕಟ್ಟು, ನಡುವೆ ಒಂದು ಕಂಬಿ, ಆ ಕಂಬಿಯ ಎರಡು ಪಕ್ಕಗಳಲ್ಲಿ ಎರಡು ಸಂದಿಗಳು, ಇಷ್ಟೇ. ಪಟ್ಟಿಯ ಒಂದು ತುದಿಯನ್ನು ನಡುಗಂಬಿಗೆ ಸುತ್ತಿ ಹೊಲಿಯುತ್ತೇವೆ. ಉಳಿದ ಪಟ್ಟಿ ಅಲ್ಲಿಂದ ಕೆಳಗಿಳಿದು, ಚೀಲಕ್ಕೆ ಕೂಡಿಸಿರುವ ರಿಂಗಿನೊಳಗೆ ತೂರಿ, ತಿರುಗಿ ಮೇಲೆ ಬಂದು, ಅದೇ ಅಡ್ಜಸ್ಟರ್‌ನ ನಡುಗಂಬಿಯ ಮೇಲೆ ಹಾಯ್ದು ಹೆಗಲಿನತ್ತ ಹೋಗುತ್ತದೆ. ಹೀಗಾಗಿ ರಿಂಗು ಎರಡು ಎಳೆಗಳ ಕೊನೆಯಲ್ಲಿ ನೇತಾಡುತ್ತದೆ. ಇಲ್ಲಿಯೇ ಇಡೀ ಗುಟ್ಟು ಇದೆ.

[ತೆರೆಯ ಮೇಲೆ ಪಟ್ಟಿಯ ದಾರಿಯನ್ನು ಬಾಣಗಳ ಗುರುತಿನಿಂದ ತೋರಿಸಲಾಗುತ್ತದೆ.]

ನಿಮ್ಮ ಚೀಲ 5 ಕಿಲೋ ತೂಗುತ್ತದೆ ಎಂದುಕೊಳ್ಳಿ. ಹೆಗಲಿನ ಎರಡೂ ಬದಿಗೆ ಆ ಭಾರ ಹಂಚಿಹೋಗುವುದರಿಂದ ಅಡ್ಜಸ್ಟರ್ ಇರುವ ಬದಿಯ ಪಾಲಿಗೆ ಬರುವುದು ಎರಡೂವರೆ ಕಿಲೋ. ಆ ಎರಡೂವರೆ ಕಿಲೋವನ್ನು ರಿಂಗಿನ ಎರಡು ಎಳೆಗಳು ಮತ್ತೆ ಹಂಚಿಕೊಳ್ಳುತ್ತವೆ, ಅಂದರೆ ಒಂದೊಂದಕ್ಕೆ ಒಂದೂಕಾಲು ಕಿಲೋ. ಅಡ್ಜಸ್ಟರ್‌ನ ಒಳಗೆ ಹಾಯುವ ಪಟ್ಟಿಯನ್ನು ಹೆಗಲಿನ ಕಡೆಯಿಂದ ಎರಡೂವರೆ ಕಿಲೋ ಎಳೆಯುತ್ತಿದ್ದರೆ, ರಿಂಗಿನ ಕಡೆಯಿಂದ ಒಂದೂಕಾಲು ಕಿಲೋ ಹಿಂದಕ್ಕೆ ಎಳೆಯುತ್ತಿದೆ. ಹಾಗಾದರೆ ಪಟ್ಟಿ ಜಾರದಂತೆ ಅಡ್ಜಸ್ಟರ್ ತಡೆಯಬೇಕಾದದ್ದು ಇವೆರಡರ ಅಂತರವಾದ ಒಂದೂಕಾಲು ಕಿಲೋವನ್ನು ಮಾತ್ರ, ಎಂದರೆ ಚೀಲದ ತೂಕದ ಕಾಲು ಭಾಗವನ್ನು.

ಆ ಕಾಲು ಭಾಗವನ್ನಾದರೂ ತಡೆಯುವುದು ಯಾವುದು? ಹಳ್ಳಿಯಲ್ಲಿ ಎತ್ತನ್ನು ಹಿಡಿದು ನಿಲ್ಲಿಸುವವರು ಹಗ್ಗವನ್ನು ಬರಿಗೈಯಲ್ಲಿ ಜಗ್ಗುತ್ತಾ ನಿಲ್ಲದೆ, ಕಂಬಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಸುಮ್ಮನೆ ಹಿಡಿದುಕೊಳ್ಳುತ್ತಾರೆ. ಹಗ್ಗಕ್ಕೂ ಕಂಬಕ್ಕೂ ನಡುವಿನ ಘರ್ಷಣಾಂಕ, ಅಂದರೆ ಜಾರುವುದನ್ನು ಮೇಲ್ಮೈಗಳು ಎಷ್ಟು ತಡೆಯುತ್ತವೆ ಎಂಬುದರ ಅಳತೆ, 0.3 ಇದ್ದರೆ, ಒಂದು ಪೂರ್ಣ ಸುತ್ತಿಗೆ ನಾವು ಹಿಡಿಯುವ ಬಲದ ಆರೂವರೆ ಪಟ್ಟಿಗಿಂತ ತುಸು ಹೆಚ್ಚಿನ ಸೆಳೆತ ನಿಲ್ಲುತ್ತದೆ. ಎರಡು ಸುತ್ತಿಗೆ ಅದು ಹದಿಮೂರು ಪಟ್ಟಾಗುವುದಿಲ್ಲ, ನಲವತ್ತಮೂರು ಪಟ್ಟಾಗುತ್ತದೆ. ಮೂರು ಸುತ್ತಿಗೆ ಇನ್ನೂರೆಂಬತ್ತನ್ನು ದಾಟುತ್ತದೆ. ಸುತ್ತುಗಳು ಕೂಡುತ್ತಾ ಹೋದರೆ ಹಿಡಿತ ಗುಣಿಸುತ್ತಾ ಹೋಗುತ್ತದೆ. ಎತ್ತಿಗೆ ಈ ಲೆಕ್ಕ ತಿಳಿಯದಿರುವುದು ರೈತನ ಪುಣ್ಯ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಮತ್ತು ಜರ್ಮನಿಯ ಎಂಜಿನಿಯರ್ ಐಟೆಲ್‌ವೈನ್ ಅವರ ಹೆಸರಿನಲ್ಲಿ ಇದಕ್ಕೊಂದು ಸೂತ್ರವೇ ಇದೆ. ಆ ಸೂತ್ರದಲ್ಲಿ ಕಂಬದ ದಪ್ಪಕ್ಕೆ ಜಾಗವೇ ಇಲ್ಲ ಎಂಬುದು ನನಗೆ ಈಗಲೂ ಬೆರಗು ಹುಟ್ಟಿಸುವ ಸಂಗತಿ; ಲೆಕ್ಕಕ್ಕೆ ಬರುವುದು ಎಷ್ಟು ಕೋನ ಸುತ್ತಿದೆ ಮತ್ತು ಮೇಲ್ಮೈ ಎಷ್ಟು ಒರಟಾಗಿದೆ ಎಂಬ ಎರಡೇ ವಿಚಾರಗಳು. ಆದ್ದರಿಂದಲೇ ಪೆನ್ಸಿಲ್‌ಗಿಂತ ತೆಳ್ಳನೆಯ ಕಂಬಿಯೂ ಆ ಕಂಬದ ಕೆಲಸವನ್ನೇ ಮಾಡಬಲ್ಲದು.

ನಮ್ಮ ಅಡ್ಜಸ್ಟರ್‌ನಲ್ಲಿ ಪಟ್ಟಿ ಒಂದು ಬದಿಯ ಕಂಬಿಯಲ್ಲಿ ತುಸು ಬಾಗಿ, ನಡುಗಂಬಿಯ ಮೇಲೆ ಚೆನ್ನಾಗಿ ಬಾಗಿ, ಇನ್ನೊಂದು ಬದಿಯ ಕಂಬಿಯಲ್ಲಿ ಮತ್ತೆ ಬಾಗುತ್ತದೆ. ಈ ಮೂರೂ ಬಾಗುಗಳನ್ನು ಕೂಡಿಸಿದರೆ ಅರ್ಧ ಸುತ್ತಿನಷ್ಟಾಯಿತೆಂದು ಹಿಡಿಯೋಣ. ರಿಂಗಿನ ಘರ್ಷಣೆಯನ್ನು ಬದಿಗಿಟ್ಟರೆ, ಮೇಲಿನ ಸೆಳೆತ ಕೆಳಗಿನ ಸೆಳೆತದ ಎರಡರಷ್ಟು, ಅದಕ್ಕಿಂತ ಹೆಚ್ಚಿಲ್ಲ. ಅರ್ಧ ಸುತ್ತಿನಲ್ಲಿ ಎರಡರ ಪಟ್ಟನ್ನು ತಡೆಯಲು ಬೇಕಾದ ಘರ್ಷಣಾಂಕ ಸುಮಾರು 0.22 ಮಾತ್ರ. ಚೀಲದಲ್ಲಿ 2 ಕಿಲೋ ಇರಲಿ, 10 ಕಿಲೋ ಇರಲಿ, ಆ ಎರಡರ ಪಟ್ಟು ಎರಡಾಗಿಯೇ ಉಳಿಯುತ್ತದೆ, ಏಕೆಂದರೆ ಭಾರ ಹೆಚ್ಚಿದಂತೆ ಎಳೆತವೂ ಹೆಚ್ಚುತ್ತದೆ, ಪಟ್ಟಿಯನ್ನು ಕಂಬಿಗೆ ಒತ್ತುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹಾಗಾಗಿ ಪಟ್ಟಿ ಜಾರಿದಾಗ "ಭಾರ ಜಾಸ್ತಿಯಾಯಿತು" ಎಂದು ಪುಸ್ತಕಗಳನ್ನು ದೂರುವುದು ನ್ಯಾಯವಲ್ಲ, ಇನ್ನೂ ದುಬಾರಿಯಾದ ಅಡ್ಜಸ್ಟರ್ ಕೊಳ್ಳುವುದಂತೂ ಅನೇಕ ಸಲ ದಂಡದ ಖರ್ಚು.

ತಪ್ಪಿತಸ್ಥ ಹೆಚ್ಚಿನ ಸಲ ಪಟ್ಟಿಯೇ ಆಗಿರುತ್ತದೆ. ನಯವಾದ ನೈಲಾನ್ ಪಟ್ಟಿಯಲ್ಲಿ ಘರ್ಷಣೆ ಕಡಿಮೆ. ಅದು ತೆಳ್ಳಗಿದ್ದು ಸಂದಿ ದೊಡ್ಡದಾಗಿದ್ದರೆ ಬಾಗಿನ ಕೋನವೂ ಕಡಿಮೆಯಾಗುತ್ತದೆ. ಎರಡೂ ಕಡಿಮೆಯಾದ ಮೇಲೆ ಜಾರದೆ ಇನ್ನೇನು ಮಾಡೀತು? ಇನ್ನೊಂದು ಸೂಕ್ಷ್ಮವನ್ನು ಗಮನಿಸಿ: ಹಾಯುವ ಪಟ್ಟಿ ನಡುಗಂಬಿಯ ಮೇಲೆ ಉಜ್ಜುವುದು ಲೋಹವನ್ನಲ್ಲ, ಆ ಕಂಬಿಗೆ ಈಗಾಗಲೇ ಸುತ್ತಿ ಹೊಲಿದಿರುವ ತನ್ನದೇ ತುದಿಯನ್ನು. ಬಟ್ಟೆಯ ಮೇಲೆ ಬಟ್ಟೆ ಕೂರುತ್ತದೆ. ಕಾಟನ್ ನವಾರ ಇಲ್ಲಿ ಗೆಲ್ಲುವುದು ಈ ಕಾರಣಕ್ಕೆ. ಗುಳೇದಗುಡ್ಡದ ಖಣದಿಂದ ಚೀಲ ಹೊಲಿಯುವವರಿಗೆ ನನ್ನ ಸಲಹೆಯೂ ಇದೇ: ಖಣದ ನುಣುಪು ಮತ್ತು ಹೊಳಪು ಚೀಲದ ಮೈಗೆ ಇರಲಿ, ಪಟ್ಟಿಗೆ ಕಾಟನ್ ನವಾರ ಹಾಕಿರಿ. ಪಟ್ಟಿಯಲ್ಲಿಯೂ ಖಣ ಕಾಣಲೇಬೇಕು ಎಂದಾದರೆ ನವಾರದ ಹೊರಮೈಯ ನಡುವೆ ಅರ್ಧ ಇಂಚಿನ ಖಣದ ಎಳೆಯೊಂದನ್ನು ಕೂರಿಸಿ ಹೊಲಿಯಿರಿ.

[ತೆರೆಯ ಮೇಲೆ ಹೊಲಿಯುವ ಕೈಗಳು ಕಾಣುತ್ತವೆ.]

ಈಗ ಹೊಲಿಗೆಯ ಕ್ರಮ. ಪಟ್ಟಿಯ ತುದಿಯನ್ನು ನಡುಗಂಬಿಗೆ ಸುತ್ತಿ, ಒಂದೂವರೆ ಇಂಚಿನಷ್ಟನ್ನು ಒಳಮೈಯ ಕಡೆಗೆ ಮಡಿಸಿ ಹೊಲಿಯಿರಿ. ನಾಲ್ಕು ಪದರದ ಬಟ್ಟೆಪಟ್ಟಿ ಮಡಿಸಿದಾಗ ಎಂಟು ಪದರವಾಗುತ್ತದೆ. ತುದಿ ಬಿಚ್ಚದಿರಲೆಂದು ಅದನ್ನು ಇನ್ನೊಮ್ಮೆ ಒಳಗೆ ಮಡಿಸಿದರೆ ಹನ್ನೆರಡಾಗುತ್ತದೆ, ಮನೆಯ ಹೊಲಿಗೆ ಯಂತ್ರ ಅಲ್ಲಿ ಮುಷ್ಕರ ಹೂಡುತ್ತದೆ. ಅದರ ಬದಲು ತುದಿಗೆ ಮೊದಲೇ ಒತ್ತಾಗಿ ಜಿಗ್‌ಜಾಗ್ ಹೊಲಿಗೆ ಹಾಕಿಕೊಂಡರೆ ಎಂಟೇ ಪದರದಲ್ಲಿ ಕೆಲಸ ಮುಗಿಯುತ್ತದೆ. ಹೇಗೂ ಆ ತುದಿ ಎರಡು ಎಳೆಗಳ ನಡುವೆ ಅಡಗಿ ಹೊರಗೆ ಕಾಣುವುದಿಲ್ಲ.

ನಂತರ ಪಟ್ಟಿಯ ಬಿಡಿ ತುದಿಯನ್ನು ರಿಂಗಿನಲ್ಲಿ ತೂರಿಸಿ ಮೇಲಕ್ಕೆ ತನ್ನಿ. ಅಡ್ಜಸ್ಟರ್‌ನ ಹಿಂಬದಿಯಿಂದ ಕೆಳಗಿನ ಸಂದಿಗೆ ಏರಿಸಿ, ಹೊಲಿದ ತುದಿಯ ಮೇಲೆ ಹಾಯಿಸಿ, ಮೇಲಿನ ಸಂದಿಯಿಂದ ಹಿಂದಕ್ಕೆ ಇಳಿಸಿರಿ. ಈಗ ಸ್ವಲ್ಪ ನಿಂತು ರಿಂಗು ಮತ್ತು ಅಡ್ಜಸ್ಟರ್ ನಡುವಿನ ಎರಡು ಎಳೆಗಳನ್ನು ಬಿಡಿಸಿ ನೋಡಿರಿ. ಪಟ್ಟಿಯ ಒಳಮೈಗಳು ಎದುರುಬದುರಾಗಿದ್ದರೆ ದಾರಿ ಸರಿಯಾಗಿದೆ. ಒಂದರ ಹೊರಮೈ ಒಳಗೆ ತಿರುಗಿದ್ದರೆ ಎಲ್ಲೋ ತಿರುಚಿಕೊಂಡಿದೆ ಎಂದೇ ಅರ್ಥ. ಇದನ್ನು ಖಚಿತಪಡಿಸಿಕೊಂಡ ಮೇಲೆಯೇ ಇನ್ನೊಂದು ತುದಿಯನ್ನು ಎರಡನೆಯ ರಿಂಗಿಗೆ ಹೊಲಿಯಬೇಕು, ಏಕೆಂದರೆ ಆ ತುದಿ ಮುಚ್ಚಿಹೋದರೆ ತಿದ್ದುವುದಕ್ಕೆ ಹೊಲಿಗೆ ಬಿಚ್ಚುವುದೊಂದೇ ದಾರಿ.

ಉದ್ದ ಎಷ್ಟು ಬದಲಾಗುತ್ತದೆ ಎಂದು ಕೇಳುವವರಿಗೆ ಒಂದು ಸುಲಭದ ಲೆಕ್ಕವಿದೆ. ಅಡ್ಜಸ್ಟರನ್ನು ರಿಂಗಿನಿಂದ ಎಷ್ಟು ಇಂಚು ದೂರ ಸರಿಸುತ್ತೀರೋ ಪಟ್ಟಿ ಅಷ್ಟೇ ಇಂಚು ಗಿಡ್ಡವಾಗುತ್ತದೆ, ಮತ್ತು ಅಡ್ಜಸ್ಟರ್ ಎದುರಿನ ರಿಂಗನ್ನು ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿರುತ್ತದೆ. 60 ಇಂಚಿನಲ್ಲಿ ಮಡಿಕೆಗಳಿಗೆ ಹೋದದ್ದನ್ನು ಕಳೆದರೆ ಅಡ್ಡಹೆಗಲಿಗೆ ಹಾಕುವಷ್ಟು ಉದ್ದವೂ ಸಿಗುತ್ತದೆ, ಒಂದೇ ಹೆಗಲಿಗೆ ತೂಗುಹಾಕುವಷ್ಟು ಗಿಡ್ಡವೂ ಸಿಗುತ್ತದೆ.

ಸಮಯ ಮೀರುತ್ತಿರುವುದರಿಂದ ಉಳಿದವನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಪಟ್ಟಿಯನ್ನು ಕಳಚುವಂತಿರಬೇಕಾದರೆ ರಿಂಗಿನ ಬದಲು ತಿರುಗುವ ಡಾಗ್ ಹುಕ್, ಅಂದರೆ ಬಾಯಿ ತೆರೆದು ಮುಚ್ಚುವ ಕೊಕ್ಕೆ, ಹಾಕಿರಿ. ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಪಟ್ಟಿಯ ತುದಿಯನ್ನು ಬೆಂಕಿಯ ಬಳಿ ಹಿಡಿದು ಅಂಚು ಕರಗಿಸಿದರೆ ನೂಲು ಬಿಚ್ಚುವುದಿಲ್ಲ, ಆದರೆ ಕಾಟನ್ನಿಗೆ ಹಾಗೆ ಮಾಡಿದರೆ ಅದು ಹೊತ್ತಿಕೊಳ್ಳುತ್ತದೆ. ಪಟ್ಟಿ ಎರಡು ತುಂಡಾಗಿದ್ದರೆ ಜೋಡಣೆಯ ಹೊಲಿಗೆಯನ್ನು ಓರೆಯಾಗಿ ಹಾಕಿರಿ, ದಪ್ಪ ಒಂದೇ ಕಡೆ ಗಂಟಾಗುವುದಿಲ್ಲ. ರಿಂಗುಗಳನ್ನು ಚೀಲಕ್ಕೆ ಕೂಡಿಸುವ ಕಡೆ ಚೌಕಾಕಾರವಾಗಿ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರ ಚಿಹ್ನೆಯಂತೆ ಹೊಲಿಗೆ ಹಾಕಿರಿ. ಅಡ್ಜಸ್ಟರ್ ಹೊರುವುದು ಕಾಲು ಭಾಗವಾದರೂ ಈ ಜಾಗ ಹೊರುವುದು ಅದರ ಎರಡರಷ್ಟು, ಅದೂ ಪ್ರತಿ ಹೆಜ್ಜೆಯ ಕುಲುಕಾಟದೊಂದಿಗೆ. ಚೀಲದ ಬಟ್ಟೆ ತೆಳುವಾಗಿದ್ದರೆ ಅಲ್ಲಿ ಒಳಗಿನಿಂದ ಕ್ಯಾನ್ವಾಸಿನ ಒಂದು ತುಂಡನ್ನು ಇಟ್ಟುಕೊಂಡೇ ಹೊಲಿಯಿರಿ.